ಹಾರ್ಪ್ ನುಡಿಸಿದಾಕೆ

ಬೀಟಲ್ಸ್ ಅಭಿಮಾನಿಗಳ ನಡುವೆ ಕೂರುವುದೆಂದರೆ ಕ್ರಿಕೆಟ್ ಹುಚ್ಚಿನವರ ಮಧ್ಯೆ ಸಿಕ್ಕಿಕೊಂಡ ಹಾಗೆ. ಅಂಕಿಸಂಖ್ಯೆಗಳಿಂದಲೇ ನಮ್ಮ ಬಾಯಿ ಮುಚ್ಚಿಸಿಬಿಡುತ್ತಾರೆ. 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ಎಂಬ ರೈಲುಗಾಡಿಯಷ್ಟುದ್ದ ಹೆಸರಿನ ಎಲ್‌ಪಿ ಬಂದದ್ದು 1967ರಲ್ಲಿ. ಇಂಗ್ಲೆಂಡಿನಲ್ಲಿ ಆ ಕಾಲದಲ್ಲಿ 27 ವಾರ, ಅಮೆರಿಕದಲ್ಲಿ 15 ವಾರ ಮೊದಲ ಸ್ಥಾನ. ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಪ್ರಶಸ್ತಿ ಪಡೆದ ಮೊದಲ ರಾಕ್ ಎಲ್‌ಪಿ. ನನ್ನ ಮೈದುನನ ಬಳಿ ಇದರದೇ ಮೂರು ಪ್ರತಿಗಳಿವೆ. ಮೋನೋದಲ್ಲಿ ಕೇಳಬೇಕೋ ಸ್ಟೀರಿಯೋದಲ್ಲೋ ಎಂದು ಅವನೂ ಅವನ ಗೆಳೆಯರೂ ವಾದಕ್ಕೆ ಕೂತರೆ ಕೊಟ್ಟ ಕಾಫಿ ಆರಿ ತಣ್ಣಗಾಗುತ್ತದೆ.

ಈ ಉತ್ಸಾಹ ಶುರುವಿನಿಂದಲೂ ಹೀಗೆಯೇ. ರೆಕಾರ್ಡು ಬಿಡುಗಡೆಯಾದ ಮೂರೇ ದಿನಕ್ಕೆ, ಜೂನ್ 4ರಂದು, ಜಿಮಿ ಹೆಂಡ್ರಿಕ್ಸ್ ಲಂಡನ್ನಿನ ರಂಗಮಂದಿರದಲ್ಲಿ ಅದರ ಮೊದಲ ಹಾಡನ್ನು ತಾನೇ ನುಡಿಸಿಬಿಟ್ಟ. ಅದೇ ತಿಂಗಳು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ರಿಚರ್ಡ್ ಗೋಲ್ಡ್‌ಸ್ಟೀನ್ ಎಂಬ ತರುಣ ವಿಮರ್ಶಕ, ಇದು ಅತಿಯಾದ ಆರೈಕೆಯಿಂದ ಕೆಟ್ಟ ಕೂಸು ಎಂಬರ್ಥದಲ್ಲಿ ಬರೆದ. ಸಿಟ್ಟಿಗೆದ್ದ ಓದುಗರು ಪತ್ರಗಳ ಮಳೆ ಸುರಿಸಿದರು. ಊರೆಲ್ಲ ಹೊಗಳುವಾಗ ಒಬ್ಬನೇ ನಿಂತು ಬೇಡ ಎಂದವನ ಧೈರ್ಯ ನನಗೆ ಇಷ್ಟ. 'ಗುಡ್ ಮಾರ್ನಿಂಗ್ ಗುಡ್ ಮಾರ್ನಿಂಗ್' ಹಾಡಿನ ಕೋಳಿ, ನಾಯಿಗಳ ಕೂಗಾಟವನ್ನು ಇವತ್ತಿಗೂ ಹೇಗೆ ಸಹಿಸುತ್ತಾರೋ! ಆದರೆ 'ಷಿ ಈಸ್ ಲೀವಿಂಗ್ ಹೋಮ್' ಹಾಡಿಗೆ ವಾದ್ಯಗಳ ವೈಭವವಿದ್ದರೂ ಮೈಯಲ್ಲಿ ಕಸುವಿಲ್ಲ ಎಂದು ಆತ ಹೇಳಿದ್ದನ್ನು ಮಾತ್ರ ನಾನು ಒಪ್ಪಲಾರೆ.

ಆ ಹಾಡು ಹುಟ್ಟಿದ್ದು ಒಂದು ಪತ್ರಿಕಾ ಸುದ್ದಿಯಿಂದ. ಅನುಕೂಲಸ್ಥರ ಮನೆಯ 17ರ ಹುಡುಗಿ ಹೇಳದೆ ಕೇಳದೆ ಹೊರಟುಹೋಗಿದ್ದಳು. ಮನೆಯಲ್ಲಿ ಎಲ್ಲವೂ ಇರುವಾಗ ಹೋದದ್ದೇಕೆ ಎಂಬುದು ತಂದೆಯ ಪ್ರಶ್ನೆ. ಪಾಲ್ ಮೆಕಾರ್ಟ್ನಿ ಅದನ್ನು ಓದಿ ಹಾಡು ಕಟ್ಟಿದ. ಬೆಳಗಿನ ಜಾವ ಹುಡುಗಿ ಚೀಟಿ ಬರೆದಿಟ್ಟು ಸದ್ದಾಗದಂತೆ ಹೊರಡುತ್ತಾಳೆ. ಚೀಟಿ ತಾಯಿಯ ಕೈಗೆ ಸಿಗುವಾಗ ಗಂಡ ಇನ್ನೂ ಗೊರಕೆ ಹೊಡೆಯುತ್ತಿರುತ್ತಾನೆ. (ಇದಕ್ಕೆ ದೇಶಭಾಷೆಗಳ ಭೇದವಿಲ್ಲ ನೋಡಿ.) ಅಭಿಮಾನಿಗಳು ಇದನ್ನು ಯೌವನದ ಬಂಡಾಯದ ಹಾಡು ಎನ್ನುತ್ತಾರೆ. ಹಾಗಿದ್ದರೆ ಹೆತ್ತವರ ಅಳಲಿಗೆ ಅಷ್ಟು ಜಾಗ ಯಾಕೆ? ಆ ಸಾಲುಗಳನ್ನು ಹಾಡುವವನು ಜಾನ್ ಲೆನ್ನನ್. ಅವು ತನ್ನನ್ನು ಸಾಕಿ ಬೆಳೆಸಿದ ಮಿಮಿ ದೊಡ್ಡಮ್ಮ ಆಡುತ್ತಿದ್ದ ಮಾತುಗಳೇ ಎಂದು ಅವನೇ ಹೇಳಿಕೊಂಡಿದ್ದಾನೆ. ಮಗಳು ತಾನೇ ಆರಿಸಿಕೊಂಡವನ ಹೆಸರನ್ನು ನಮ್ಮ ಮುಂದೆ ಹೇಳಿದ ವರ್ಷ ನಾನು ಈ ಹಾಡನ್ನು ಪೂರ್ತಿ ಕೇಳಲಾರದೆ ನಿಲ್ಲಿಸಿದ್ದುಂಟು. ಹೋಗುವವಳದೂ ತಪ್ಪಲ್ಲ, ಉಳಿದವರದೂ ಪೂರಾ ತಪ್ಪಲ್ಲ ಎಂದು ಮೂರೂವರೆ ನಿಮಿಷದಲ್ಲಿ ಹೇಳುವ ಹಾಡು ಬಡಕಲು ಹೇಗಾದೀತು? ಮೋನೋ ಪ್ರತಿಯಲ್ಲಿ ಇದರ ವೇಗ ಹೆಚ್ಚು, ಶ್ರುತಿಯೂ ತುಸು ಮೇಲೆ. ಹಳೆಯ ಸ್ಟೀರಿಯೋದಲ್ಲಿ ನಿಧಾನ. ವೇಗದಲ್ಲಿ ಕೇಳಿದರೆ ಹುಡುಗಿ ಕಾಣುತ್ತಾಳೆ, ನಿಧಾನದಲ್ಲಿ ತಾಯಿ. ನನಗೆ ನಿಧಾನದ್ದೇ ಇರಲಿ.

ತಮಾಷೆಯೆಂದರೆ ಈ ಹಾಡಿನಲ್ಲಿ ನಾಲ್ವರು ಬೀಟಲ್ಸ್ ಪೈಕಿ ಒಬ್ಬರೂ ಒಂದು ವಾದ್ಯವನ್ನೂ ಮುಟ್ಟಿಲ್ಲ. ಪಾಲ್ ಮತ್ತು ಜಾನ್‌ರದು ಕಂಠ ಮಾತ್ರ. ಸ್ವರಸಂಯೋಜನೆಯನ್ನು ವಾದ್ಯಗಳಿಗೆ ಹೊಂದಿಸಿದವನು ಮೈಕ್ ಲಿಯಾಂಡರ್, ನುಡಿಸಿದ್ದು ತಂತಿವಾದ್ಯದವರು. ಹಾಡು ತೆರೆದುಕೊಳ್ಳುವುದೇ ಹಾರ್ಪ್ ನಾದದಿಂದ. ಅದನ್ನು ಮೀಟಿದಾಕೆ ಷೀಲಾ ಬ್ರಾಂಬರ್ಗ್, ಬೀಟಲ್ಸ್ ರೆಕಾರ್ಡಿನಲ್ಲಿ ವಾದ್ಯ ನುಡಿಸಿದ ಮೊದಲ ಹೆಂಗಸು. ಸಿಕ್ಕಿದ್ದು 9 ಪೌಂಡು. ಮತ್ತೆ ಮತ್ತೆ ನುಡಿಸಿಸಿ, ಕೊನೆಗೆ ಆರಿಸಿಕೊಂಡದ್ದು ಮೊಟ್ಟಮೊದಲು ನುಡಿಸಿದ್ದನ್ನೇ. ಹಾಡುಗಳ ಸಾಹಿತ್ಯವನ್ನೆಲ್ಲ ಅಚ್ಚು ಹಾಕಿದ ಆ ಹೊದಿಕೆಯ ಮೇಲೆ ಆಕೆಯ ಹೆಸರಿಗೆ ಜಾಗವಿರಲಿಲ್ಲ. ಷೀಲಾ 2021ರಲ್ಲಿ ತೀರಿಕೊಂಡರು.

ಜಾರ್ಜ್ ಹ್ಯಾರಿಸನ್‌ನ 'ವಿದಿನ್ ಯೂ ವಿದೌಟ್ ಯೂ' ಹಾಡಿನ ಕಥೆಯೂ ಇಂಥದ್ದೇ. ಅದರಲ್ಲಿ ಉಳಿದ ಮೂವರು ಇಲ್ಲವೇ ಇಲ್ಲ. ದಿಲ್‌ರುಬಾ, ತಬಲಾ, ತಂಬೂರಿ ಹಿಡಿದು ಕೂತವರು ಲಂಡನ್ನಿನ ಏಷ್ಯನ್ ಮ್ಯೂಸಿಕ್ ಸರ್ಕಲ್‌ನ ಭಾರತೀಯರು. ಆ ಸಂಸ್ಥೆಯನ್ನು 1946ರಲ್ಲಿ ಕಟ್ಟಿದವರು ನಮ್ಮ ಉತ್ತರ ಕರ್ನಾಟಕದಿಂದ ಹೋಗಿ ಅಲ್ಲಿ ನೆಲೆಸಿದ ಅಯನ ದೇವ ಅಂಗಡಿ ಮತ್ತು ಅವರ ಇಂಗ್ಲಿಷ್ ಪತ್ನಿ, ಚಿತ್ರಕಲಾವಿದೆ ಪೆಟ್ರೀಷಿಯಾ. ಜಾರ್ಜ್‌ಗೆ ರವಿಶಂಕರ್ ಪರಿಚಯವಾದದ್ದು 1966ರಲ್ಲಿ ಈ ಅಂಗಡಿಯವರ ಮನೆಯಲ್ಲೇ. ವಾದ್ಯ ನುಡಿಸಿದವರ ಹೆಸರುಗಳು ಹೊರಬೀಳಲು ದಶಕಗಳೇ ಬೇಕಾದವು. ಗಿಟಾರಿನ ನಂಬರು, ಟೇಪಿನ ಜಾತಿ ಎಲ್ಲ ಬಾಯಿಪಾಠವಿರುವ ಅಭಿಮಾನಿಗಳಿಗೆ ಈ ನಾಲ್ಕು ಹೆಸರು ಕೇಳಿ ನೋಡಿ. ಪ್ರೀತಿ ಇಷ್ಟು ದೊಡ್ಡದಿದ್ದೂ ಕುತೂಹಲ ಇಷ್ಟು ಚಿಕ್ಕದಿರುವುದೇ ನನ್ನ ತಕರಾರು.

ಇನ್ನು ಆ ಜಗತ್ಪ್ರಸಿದ್ಧ ಹೊದಿಕೆಯ ಚಿತ್ರ. ಪೀಟರ್ ಬ್ಲೇಕ್ ಮಾಡಿದ್ದು ಎಂದು ಎಲ್ಲರೂ ಹೇಳುತ್ತಾರೆ. ಆತನೂ, ಆಗ ಆತನ ಹೆಂಡತಿಯಾಗಿದ್ದ ಜ್ಯಾನ್ ಹಾವರ್ತ್ ಕೂಡಾ ಸೇರಿ ಅದನ್ನು ಅಣಿಗೊಳಿಸಿದರು. ಗ್ರ್ಯಾಮಿಯೂ ಇಬ್ಬರಿಗೂ ಬಂತು. ಬಟ್ಟೆಯಲ್ಲಿ ಆಳೆತ್ತರದ ಬೊಂಬೆ ಹೊಲಿಯುವುದು ಜ್ಯಾನ್‌ಳ ಕಲೆ. ಮುಂದಿನ ಸಲ ಆ ಚಿತ್ರ ಕೈಗೆ ಸಿಕ್ಕಿದರೆ ಮೀಸೆಯ ನಾಲ್ವರನ್ನು ಬಿಟ್ಟು ಬಲಬದಿಗೆ ನೋಡಿ. ಅಲ್ಲಿ ಒಬ್ಬ ಅಜ್ಜಿ ಕೂತಿದ್ದಾಳೆ, ಜೊತೆಗೊಂದು ಪುಟ್ಟ ಹುಡುಗಿ. ಎರಡೂ ಅವಳ ಹೊಲಿಗೆ.