ಇನ್ನೊಂದು ಪ್ಲೇಟ್ ಹಾಕಿಸುವ ಮುನ್ನ

ಕಳೆದ ಭಾನುವಾರ ಬೆಳಗ್ಗೆ ಬೆಂಗಳೂರಿನ ಕಾಮಾಕ್ಷಿಪಾಳ್ಯದ ಪ್ಲೇಟ್ ಕೆಲಸದ ಅಂಗಡಿಯೊಂದರ ಮುಂದೆ ಟಾಟಾ ಏಸ್ ಒಂದು ಜಾಕಿಯ ಮೇಲೆ ನಿಂತಿತ್ತು. ಹಿಂದಿನ ಎಡಗಡೆ ಸ್ಪ್ರಿಂಗ್ ಪ್ಲೇಟ್ ಸೆಟ್ಟಿನ ಎರಡನೇ ಪ್ಲೇಟು, ಸೆಂಟರ್ ಬೋಲ್ಟಿನ ತೂತಿನ ಬಳಿ ತುಂಡಾಗಿತ್ತು. "ನಿನ್ನೆ ಪೀಣ್ಯದಲ್ಲಿ ಒಂದು ಹಂಪ್ ಇಳಿಸ್ದೆ ಸಾರ್, ಟಪ್ ಅಂತು, ಅಷ್ಟೇ" ಎಂದರು ಓನರು. ನಾನು ತುಂಡನ್ನು ಎತ್ತಿ ಮುರಿದ ಬಾಯನ್ನು ಬಿಸಿಲಿಗೆ ಹಿಡಿದೆ. ಮುಕ್ಕಾಲು ಭಾಗ ತುಕ್ಕು ಹಿಡಿದು ಕಂದಿತ್ತು. ಉಳಿದ ಕಾಲು ಭಾಗ ಮಾತ್ರ ಆಗಷ್ಟೇ ಒಡೆದ ಕಲ್ಲುಸಕ್ಕರೆಯ ಹಾಗೆ ಹರಳು ಹರಳಾಗಿ ಹೊಳೆಯುತ್ತಿತ್ತು. ನಿನ್ನೆ ಹಂಪಿನಲ್ಲಿ ಮುರಿದದ್ದು ಆ ಕಾಲು ಭಾಗವೇ. ಮಿಕ್ಕಿದ್ದು ಕೂದಲೆಳೆಯಷ್ಟು ಬಿರುಕಾಗಿ ಬಹಳ ದಿನಗಳಿಂದ ಒಳಗೊಳಗೇ ನಡೆದು ಬಂದಿತ್ತು, ಮಳೆನೀರು ಕುಡಿದು ತುಕ್ಕಾಗಿತ್ತು.

ಪಿಕಪ್ ಗಾಡಿಗಳ ಬಗ್ಗೆ ನನಗಿರುವ ಪ್ರೀತಿಗೆ ಮೂಲ ಇದೇ. ಈ ಗಾಡಿಗಳು ಸುಳ್ಳು ಹೇಳುವುದಿಲ್ಲ. ಏನು ಹೊತ್ತವು, ಹೇಗೆ ಹೊತ್ತವು ಎಂಬುದೆಲ್ಲ ಕಬ್ಬಿಣದಲ್ಲಿ ಬರೆದಿರುತ್ತದೆ.

ರಾಜಾಜಿನಗರದ ಇಂಡಸ್ಟ್ರಿಯಲ್ ಟೌನ್, ಮಾಗಡಿ ರಸ್ತೆ, ಪೀಣ್ಯ, ಯಶವಂತಪುರ ಯಾರ್ಡು – ಈ ಸುತ್ತಿನಲ್ಲಿ ಓಡುವ ಓನರುಗಳ ದೂರುಗಳನ್ನು ಕೇಳಿದರೆ ಒಂದೇ ಪಾಠ ಒಪ್ಪಿಸಿದಂತಿರುತ್ತದೆ. ಪ್ಲೇಟ್ ಕಟ್ಟಾಯ್ತು, ಕ್ಲಚ್ ಸುಟ್ಟೋಯ್ತು, ಗಾಡಿ ಹೀಟಾಗ್ತಿದೆ, ಟೈರ್ ಒಂದೇ ಕಡೆ ತಿಂತಿದೆ, ಬ್ರೇಕ್ ನಿಲ್ತಿಲ್ಲ. ಒಂದೊಂದಕ್ಕೂ ಒಂದೊಂದು ಅಂಗಡಿಗೆ ಹೋಗುತ್ತಾರೆ. ಆದರೆ ಗಾಡಿ ಒಂದೇ, ಅದು ಹೊತ್ತ ಭಾರವೂ ಒಂದೇ.

2005ರಲ್ಲಿ ಟಾಟಾ ಏಸ್ ಬಂದಾಗ ಅದರಲ್ಲಿದ್ದದ್ದು ಎರಡು ಸಿಲಿಂಡರಿನ 702 ಸಿಸಿ ಡೀಸೆಲ್ ಎಂಜಿನ್. 16 ಎಚ್‌ಪಿ ಶಕ್ತಿ, 12 ಇಂಚಿನ ಚಕ್ರ, ಹೊರುವ ಭಾರ 750 ಕೆಜಿ. ಲಾರಿ ನುಗ್ಗಲಾಗದ ನಮ್ಮ ಶೆಡ್ಡುಗಳ ಓಣಿಗಳಿಗೆ ಹೇಳಿ ಮಾಡಿಸಿದಂತಿತ್ತು. 750 ಕೆಜಿ ಅಂದರೆ 50 ಕೆಜಿಯ ಹದಿನೈದು ಮೂಟೆ ಸಿಮೆಂಟು. ಹದಿನೈದಕ್ಕೆ ನಿಲ್ಲಿಸುವ ಗಿರಾಕಿಯನ್ನು ನಾನು ಕಂಡದ್ದು ಅಪರೂಪ. ಇಪ್ಪತ್ತೈದು ಹೇರಿ, ಅದೇ ಬಾಡಿಗೆಯಲ್ಲಿ ಮುಗಿಸಿಬಿಡಿ ಎನ್ನುತ್ತಾರೆ. ತಿಂಗಳ ಕಂತು ಕಟ್ಟಬೇಕಾದವನು ಇಲ್ಲ ಎನ್ನುವುದು ಸುಲಭವಲ್ಲ. ಅವನನ್ನು ಬೈಯುವ ಮನಸ್ಸು ನನಗಿಲ್ಲ.

ಆದರೆ "ಗಾಡಿ ಹಿಂದೆ ಕೂತ್ಕೋತಿದೆ" ಎಂದು ಇನ್ನೊಂದು ಪ್ಲೇಟ್ ಹಾಕಿಸುತ್ತಾರಲ್ಲ, ಅದನ್ನು ಒಪ್ಪಲಾರೆ. ಭಾರದಡಿ ಬಾಗಿ ಮತ್ತೆ ಏಳುವುದೇ ಪ್ಲೇಟಿನ ಕೆಲಸ. ದಪ್ಪ ಪ್ಲೇಟು ಹಾಕಿದರೆ ಸಾಕಲ್ಲ ಅನ್ನುವವರಿಗೆ ಒಂದು ಲೆಕ್ಕ: ಪ್ಲೇಟಿನ ದಪ್ಪ ಎರಡರಷ್ಟಾದರೆ ಅದರ ಬಿಗಿ ಎಂಟರಷ್ಟಾಗುತ್ತದೆ. ಹೊಸ ಪ್ಲೇಟಿನ ಬಾಗು ಹಳೆಯವುಗಳ ಬಾಗಿಗೆ ಹೊಂದದಿದ್ದರೆ ಭಾರ ಸಮನಾಗಿ ಹಂಚಿಹೋಗುವುದಿಲ್ಲ, ಒಂದೆರಡು ಪ್ಲೇಟುಗಳೇ ಎಲ್ಲವನ್ನೂ ಹೊರುತ್ತವೆ. ಸೆಟ್ಟು ಬಾಗದಿದ್ದರೆ ಗುಂಡಿಯ ಏಟು ಬುಷ್ಷಿಗೆ, ಶಾಕಲ್ಲಿಗೆ, ಕೊನೆಗೆ ಚಾಸಿಗೇ ಬೀಳುತ್ತದೆ. ಬ್ರಾಕೆಟ್ಟಿನ ಬುಡದಲ್ಲಿ ಚಾಸಿ ಬಿರಿದು, ಮೇಲೊಂದು ತಗಡು ವೆಲ್ಡ್ ಮಾಡಿಸಿಕೊಂಡ ಗಾಡಿಗಳನ್ನು ಎಷ್ಟೋ ನೋಡಿದ್ದೇನೆ. ಪ್ಲೇಟು ಸೇರಿಸಿದ ಮಾತ್ರಕ್ಕೆ ಆಕ್ಸಲ್ಲಿನ ತಾಕತ್ತಾಗಲಿ ಟೈರಿನ ತಾಕತ್ತಾಗಲಿ ಒಂದು ಕೆಜಿಯಷ್ಟೂ ಹೆಚ್ಚುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಬ್ರೇಕಿನದು. ಇಂಥ ಹಲವು ಗಾಡಿಗಳಲ್ಲಿ ಚಾಸಿಗೂ ಹಿಂದಿನ ಆಕ್ಸಲ್ಲಿಗೂ ನಡುವೆ ಒಂದು ಕಡ್ಡಿ ಕಟ್ಟಿದ ವಾಲ್ವ್ ಇರುತ್ತದೆ, ಎಲ್‌ಎಸ್‌ಪಿವಿ ಅನ್ನುತ್ತಾರೆ. ಲೋಡ್ ಬಿದ್ದು ಚಾಸಿ ಕೆಳಗಿಳಿದಾಗ ಆ ವಾಲ್ವ್ ಹಿಂದಿನ ಚಕ್ರಕ್ಕೆ ಹೆಚ್ಚು ಬ್ರೇಕ್ ಬಿಡುತ್ತದೆ. ಖಾಲಿ ಗಾಡಿಯ ಹಿಂಭಾಗ ಎತ್ತರಕ್ಕಿರುತ್ತದೆ, ಆಗ ಕಡಿಮೆ ಬಿಡುತ್ತದೆ, ಚಕ್ರ ಲಾಕಾಗಬಾರದು ನೋಡಿ. ಪ್ಲೇಟು ಸೇರಿಸಿ ಹಿಂಭಾಗವನ್ನು ಎತ್ತರಿಸಿದರೆ ಒಂದೂವರೆ ಟನ್ ಹೇರಿದ್ದರೂ ವಾಲ್ವಿಗೆ ಗಾಡಿ ಖಾಲಿಯಂತೆಯೇ ಕಾಣುತ್ತದೆ. ಬ್ರೇಕು ನಿಲ್ಲುತ್ತಿಲ್ಲ ಎಂದು ಲೈನರ್ ಬದಲಿಸಿ, ಡ್ರಮ್ಮಿಗೆ ಲೇತ್ ಹಿಡಿಸಿ ಸೋತವರಿಗೆ ನಾನು ಕೇಳುವ ಮೊದಲ ಪ್ರಶ್ನೆ, "ಪ್ಲೇಟ್ ಎಷ್ಟಿವೆ?"

ನಿಜಕ್ಕೂ ಮಾಡಬೇಕಾದದ್ದು ಅಗ್ಗದ ಕೆಲಸ. ಹೊಸ ಸೆಟ್ ಕಟ್ಟಿಸಿದ ಮೇಲೆ ನಾಲ್ಕೈದು ದಿನ ಓಡಿಸಿ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಬೇಕು, ಪ್ಲೇಟುಗಳು ಕೂತ ಮೇಲೆ ಅವು ಸಡಿಲವಾಗಿರುತ್ತವೆ. ಸಡಿಲ ಬಿಟ್ಟರೆ ಆಕ್ಸಲ್ಲಿನ ಎಳೆತವೆಲ್ಲ ಬೆರಳು ಗಾತ್ರದ ಸೆಂಟರ್ ಬೋಲ್ಟಿನ ಮೇಲೆ. ಅದು ಕಟ್ಟಾದರೆ ಆಕ್ಸಲ್ ಒಂದು ಕಡೆ ಹಿಂದೆ ಸರಿಯುತ್ತದೆ, ಗಾಡಿ ಓರೆಯಾಗಿ ಓಡುತ್ತದೆ, ಟೈರ್ ಸವೆಯುತ್ತದೆ. ಅಲೈನ್‌ಮೆಂಟ್ ಮಾಡಿಸಿದರೂ ಸರಿಹೋಗದ ಗಾಡಿಗಳಲ್ಲಿ ಎಷ್ಟೋ ಸಲ ತೊಂದರೆ ಇರುವುದು ಇಲ್ಲೇ. ಸೋತ ಪ್ಲೇಟುಗಳಿದ್ದರೆ ಎಡ, ಬಲ ಎರಡೂ ಕಡೆ ಕಂಪನಿ ಲೆಕ್ಕದ ಸೆಟ್ಟನ್ನೇ ಹಾಕಿಸಿ.

ಕ್ಲಚ್ಚಿನ ಕಥೆ ಬೇರೆ, ಅದರಲ್ಲಿ ಅರ್ಧ ತಪ್ಪು ಊರಿನದು. 2021ರ ಡಿಸೆಂಬರಿನಲ್ಲಿ ಪೀಣ್ಯ ಫ್ಲೈಓವರ್ ಮುಚ್ಚಿದಾಗ ಗೊರಗುಂಟೆಪಾಳ್ಯದ ಕೆಳರಸ್ತೆಯಲ್ಲಿ ಲೋಡ್ ಗಾಡಿಗಳು ತೆವಳಿದ್ದು ನೆನಪಿರಬಹುದು. ಆಗ ಮೂಗಿಗೆ ಬಡಿಯುತ್ತಿದ್ದ ಸುಟ್ಟ ವಾಸನೆ ಕ್ಲಚ್ ಪ್ಲೇಟಿನದು. ಮಹಾಲಕ್ಷ್ಮಿ ಲೇಔಟಿನ ಏರುಗಳಲ್ಲಿ ಹ್ಯಾಂಡ್ ಬ್ರೇಕ್ ಹಾಕದೆ ಹಾಫ್ ಕ್ಲಚ್ಚಿನಲ್ಲೇ ಗಾಡಿ ನಿಲ್ಲಿಸಿಕೊಳ್ಳುವುದು ಮಾತ್ರ ಡ್ರೈವರಿನ ತಪ್ಪು. ಏರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದು ನ್ಯೂಟ್ರಲ್ಲಿಗೆ ಬಂದರೆ ಕ್ಲಚ್ಚಿಗೆ ಉಸಿರು ಬರುತ್ತದೆ.

ಬಿಎಸ್-6 ಡೀಸೆಲ್ ಗಾಡಿ ಇಟ್ಟವರಿಗೆ ಒಂದು ಮಾತು. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇದ್ದರೆ, ಆ ಮಸಿ ತಾನಾಗಿ ಉರಿದುಹೋಗಲು ಅದು ಚೆನ್ನಾಗಿ ಕಾಯಬೇಕು. ನವರಂಗ್, ಭಾಷ್ಯಂ ವೃತ್ತದ ಟ್ರಾಫಿಕ್ಕಿನಲ್ಲೇ ದಿನ ಕಳೆದರೆ ಕಾಯುವುದಿಲ್ಲ. ಆಗಾಗ ನೆಲಮಂಗಲದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿ ಬನ್ನಿ. ಡಿಪಿಎಫ್ ಲೈಟು ಹತ್ತಿದ ಮೇಲೂ ನಿಲ್ಲಿಸಿ ನಿಲ್ಲಿಸಿ ಓಡಿಸುತ್ತಿದ್ದರೆ ಖರ್ಚು ದೊಡ್ಡದಾಗುತ್ತದೆ.

ಇನ್ನು ಆಯುಧಪೂಜೆಯ ಮಾತು. ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಚಕ್ರದಡಿ ನಿಂಬೆಹಣ್ಣು ಇಡುವ ಮುನ್ನ ಗಾಡಿಯನ್ನು ಹೇಗೂ ವಾಟರ್ ಸರ್ವೀಸಿಗೆ ಬಿಡುತ್ತೀರಿ. ವರ್ಷದಲ್ಲಿ ಪ್ಲೇಟುಗಳ ಮೇಲಿನ ಕೆಸರು ಪೂರಾ ಹೋಗುವುದು ಅವತ್ತೊಂದೇ ದಿನ. ಒರೆಸಿದ ಮೇಲೆ ಟಾರ್ಚ್ ಹಿಡಿದು ಕೆಳಗೆ ಬಗ್ಗಿ, ಯು-ಬೋಲ್ಟಿನ ಅಕ್ಕಪಕ್ಕ ಅಡ್ಡಲಾಗಿ ಕಂದು ಗೆರೆ ಇದೆಯೇ ನೋಡಿ. ಇದ್ದರೆ ಅವತ್ತೇ ಸೆಟ್ ಇಳಿಸಿ.

ಕಾಮಾಕ್ಷಿಪಾಳ್ಯದ ಆ ಓನರು ಮುರಿದ ತುಂಡನ್ನು ನನ್ನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದರು. ಆಮೇಲೆ ಅಂಗಡಿಯವರತ್ತ ತಿರುಗಿ, "ಅಣ್ಣ, ಎಕ್ಸ್‌ಟ್ರಾ ಪ್ಲೇಟ್ ಬೇಡ. ಆ ಕಡೆ ಸೆಟ್ಟೂ ಬಿಚ್ಚಿಬಿಡಿ, ನೋಡೋಣ" ಅಂದರು.