ಚಲಚ್ಚಿತ್ರಗಳಲ್ಲಿ ಅರ್ಥಹರಣ ವಿಚಾರ

ಅಮೇರಿಕ ದೇಶದಲ್ಲಿ ನಿರ್ಮಿತವಾದ ಚಲಚ್ಚಿತ್ರಗಳ ಕಥಾವಸ್ತುವನ್ನು ಪರಿಗ್ರಹಿಸಿ ಭಾರತದಲ್ಲಿ ಚಿತ್ರಗಳನ್ನು ರಚಿಸುವ ಪದ್ಧತಿಯು ಬಹುಕಾಲದಿಂದ ನಡೆದು ಬಂದಿರುವುದು. ೧೯೩೪ರಲ್ಲಿ ಫ್ರಾಂಕ್ ಕಾಪ್ರಾ ನಿರ್ದೇಶಿಸಿದ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಎಂಬ ಒಂದೇ ಚಿತ್ರವು ೧೯೫೬ರಲ್ಲಿ ‘ಚೋರಿ ಚೋರಿ’ ಎಂದೂ ೧೯೯೧ರಲ್ಲಿ ‘ದಿಲ್ ಹೈ ಕೆ ಮಾನ್ತಾ ನಹೀಂ’ ಎಂದೂ ಹಿಂದೀ ಭಾಷೆಯಲ್ಲಿ ಎರಡಾವರ್ತಿ ಅವತರಿಸಿ, ೨೦೦೭ರಲ್ಲಿ ‘ಹುಡುಗಾಟ’ವೆಂಬ ಹೆಸರಿನಿಂದ ಕನ್ನಡಕ್ಕೂ ಬಂದಿತು. ಈ ಪದ್ಧತಿಯ ವಿಷಯದಲ್ಲಿ ಎರಡು ಪಕ್ಷಗಳು ಪ್ರಚಾರದಲ್ಲಿವೆ. ಅನ್ಯರ ಕಥೆಯನ್ನು ತೆಗೆದುಕೊಂಡುದೆಲ್ಲವೂ ಚೌರ್ಯವೇ, ಆದುದರಿಂದ ಅಂತಹ ಚಿತ್ರಗಳಲ್ಲಿ ವಿಮರ್ಶೆಗೆ ಯೋಗ್ಯವಾದುದು ಏನೂ ಇಲ್ಲ ಎಂಬುದು ಒಂದು ಪಕ್ಷ. ಲೋಕದಲ್ಲಿ ಸಾಲಮಾಡದ ಕವಿಯೇ ಇಲ್ಲ, ಆದುದರಿಂದ ಇದರಲ್ಲಿ ದೋಷವೆಣಿಸಲಾಗದು ಎಂಬುದು ಇನ್ನೊಂದು. ಈ ಎರಡು ಪಕ್ಷಗಳೂ ಪರಸ್ಪರ ವಿರುದ್ಧವಾಗಿ ತೋರಿದರೂ ಒಂದೇ ಪ್ರಮಾದದಲ್ಲಿ ಸೇರುತ್ತವೆ. ತೆಗೆದುಕೊಂಡ ಮೇಲೆ ಕವಿಯು ಅದನ್ನು ಏನು ಮಾಡಿದನು ಎಂಬುದನ್ನು ಎರಡೂ ಕೇಳುವುದಿಲ್ಲ.

ಈ ಪ್ರಶ್ನೆಯನ್ನು ನಮ್ಮ ಆಲಂಕಾರಿಕರು ಸಾವಿರ ವರ್ಷಗಳಿಗೂ ಹಿಂದೆಯೇ ಕೇಳಿ ಉತ್ತರ ಹೇಳಿರುವರು. ಆನಂದವರ್ಧನನು ‘ಧ್ವನ್ಯಾಲೋಕ’ದ ನಾಲ್ಕನೆಯ ಉದ್ಯೋತದಲ್ಲಿ ಕಾವ್ಯಗಳೊಳಗಿನ ಸಂವಾದವನ್ನು, ಎಂದರೆ ಹೋಲಿಕೆಯನ್ನು, ಮೂರಾಗಿ ವಿಭಾಗಿಸಿರುವನು. ಕನ್ನಡಿಯೊಳಗಿನ ಪ್ರತಿಬಿಂಬದಂತಿರುವುದು ಮೊದಲನೆಯದು. ಅದಕ್ಕೆ ತನ್ನದೆಂಬ ಆತ್ಮವಿಲ್ಲ. ಚಿತ್ರದಲ್ಲಿ ಬರೆದ ಆಕಾರದಂತಿರುವುದು ಎರಡನೆಯದು. ಅದರ ಆತ್ಮವು ತುಚ್ಛವಾದುದು. ಒಬ್ಬನನ್ನು ಹೋಲುವ ಮತ್ತೊಬ್ಬ ದೇಹಿಯಂತಿರುವುದು ಮೂರನೆಯದು. ಅದರ ಆತ್ಮವು ಪ್ರಸಿದ್ಧವಾಗಿ ಬೇರೆಯೇ ಇರುವುದರಿಂದ ಕವಿಯು ಅದನ್ನು ಬಿಡಬೇಕಾದುದಿಲ್ಲ. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಇದನ್ನು ವಿಸ್ತರಿಸಿ, ಪ್ರತಿಬಿಂಬಕಲ್ಪ, ಆಲೇಖ್ಯಪ್ರಖ್ಯ, ತುಲ್ಯದೇಹಿತುಲ್ಯ, ಪರಪುರಪ್ರವೇಶಸದೃಶ ಎಂದು ನಾಲ್ಕು ಬಗೆಗಳನ್ನು ಹೇಳಿರುವನು. ಕಡೆಯದರಲ್ಲಿ ಮೂಲವು ಒಂದೇ ಆದರೂ ಪರಿಕರಬಂಧವು ಬಹುದೂರವಾದುದು.

ಈ ವಿವೇಕವು ಕನ್ನಡಿಗರಿಗೆ ಹೊಸದಲ್ಲ. ‘ಕವಿರಾಜಮಾರ್ಗ’ವು ದಂಡಿಯ ‘ಕಾವ್ಯಾದರ್ಶ’ವನ್ನು ಬಹುಮಟ್ಟಿಗೆ ಅನುಸರಿಸಿದೆ. ಪಂಪನು ವ್ಯಾಸನ ಋಣವನ್ನು ವಿನಯದಿಂದ ಒಪ್ಪಿಕೊಂಡೇ ತನ್ನ ಅರ್ಜುನನಲ್ಲಿ ಅರಿಕೇಸರಿಯನ್ನು ಕಂಡನು. ಹೀಗಿರಲು, ಕಥೆಯು ಪರದೇಶದ್ದೆಂಬ ಮಾತ್ರಕ್ಕೆ ಒಂದು ಚಿತ್ರವನ್ನು ತಿರಸ್ಕರಿಸುವ ಅಧಿಕಾರವು ಕನ್ನಡ ಸಾಹಿತ್ಯವನ್ನು ಬೋಧಿಸುವವರಿಗೆ ಇರಲಾರದು. ಮೇಲ್ಕಂಡ ವಿಭಾಗಗಳನ್ನು ಪ್ರಸಿದ್ಧವಾದ ಕೆಲವು ಚಿತ್ರಗಳಿಗೆ ಅನ್ವಯಿಸಿ ನೋಡುವುದೇ ಯುಕ್ತವಾದ ಮಾರ್ಗ.

ಪ್ರತಿಬಿಂಬಕಲ್ಪಕ್ಕೆ ಉದಾಹರಣೆಯಾಗಿ ೧೯೮೬ರ ‘ಏಕ್ ರುಕಾ ಹುವಾ ಫೈಸಲಾ’ ಎಂಬ ಹಿಂದೀ ಚಿತ್ರವನ್ನು ತೆಗೆದುಕೊಳ್ಳಬಹುದು. ಬಾಸು ಚಟರ್ಜಿಯವರು ನಿರ್ದೇಶಿಸಿದ ಈ ಚಿತ್ರವು ಸಿಡ್ನಿ ಲ್ಯೂಮೆಟ್ ನಿರ್ದೇಶಿಸಿದ ೧೯೫೭ರ ‘ಟ್ವೆಲ್ವ್ ಆಂಗ್ರಿ ಮೆನ್’ ಚಿತ್ರವನ್ನು ಹೆಜ್ಜೆಹೆಜ್ಜೆಗೂ ಅನುಸರಿಸುತ್ತದೆ. ತಂದೆಯನ್ನು ಕೊಂದನೆಂಬ ಆರೋಪಕ್ಕೆ ಗುರಿಯಾದ ಹುಡುಗನೊಬ್ಬನ ವಿಷಯದಲ್ಲಿ ೧೨ ಮಂದಿ ಜ್ಯೂರಿಗಳು ಒಂದು ಕೊಠಡಿಯಲ್ಲಿ ಕುಳಿತು ವಿಚಾರಮಾಡುವರು. ೧೧ ಮಂದಿ ಅಪರಾಧಿಯೆನ್ನುವರು. ಒಬ್ಬನು ಮಾತ್ರ ಸಂಶಯಪಡುವನು. ಆ ಸಂಶಯವು ಕ್ರಮಕ್ರಮವಾಗಿ ಎಲ್ಲರಿಗೂ ಹರಡುವುದು. ನಟರ ಅಭಿನಯವು, ಅದರಲ್ಲಿಯೂ ತನ್ನ ಮಗನ ಮೇಲಣ ಕೋಪವನ್ನು ಆರೋಪಿಯ ಮೇಲೆ ತೀರಿಸಿಕೊಳ್ಳುವ ತಂದೆಯ ಪಾತ್ರದಲ್ಲಿ ಪಂಕಜ್ ಕಪೂರರ ಅಭಿನಯವು, ಪ್ರಶಂಸಾರ್ಹವಾಗಿದೆ. ಆದರೆ ಈ ಹನ್ನೆರಡು ಮಂದಿ ಯಾವ ದೇಶದಲ್ಲಿ ಕುಳಿತಿರುವರು?

ಭಾರತದಲ್ಲಿ ಜ್ಯೂರಿಯ ಪದ್ಧತಿಯು ಇದ್ದ ಕಾಲದಲ್ಲಿಯೂ ಅದರ ಸ್ವರೂಪವು ಬೇರೆಯಾಗಿತ್ತು. ೧೯೫೯ರ ಸುಪ್ರಸಿದ್ಧವಾದ ನಾನಾವತಿ ಪ್ರಕರಣದಲ್ಲಿ ಮುಂಬಯಿಯ ೯ ಮಂದಿ ಜ್ಯೂರಿಗಳ ಪೈಕಿ ೮ ಮಂದಿ ಆರೋಪಿಯು ನಿರ್ದೋಷಿಯೆಂದರು; ನ್ಯಾಯಾಧೀಶರು ಅದನ್ನು ಒಪ್ಪದೆ ಪ್ರಕರಣವನ್ನು ಹೈಕೋರ್ಟಿಗೆ ಕಳುಹಿಸಿದರು. ಏಕಮತವೂ ಅಲ್ಲಿ ಅವಶ್ಯವಾಗಲಿಲ್ಲ, ಜ್ಯೂರಿಯ ಮಾತು ಕಡೆಯ ಮಾತೂ ಆಗಲಿಲ್ಲ. ೧೯೭೩ರ ದಂಡಪ್ರಕ್ರಿಯಾ ಸಂಹಿತೆಯು ಈ ಪದ್ಧತಿಯನ್ನೇ ಕೈಬಿಟ್ಟಿತು. ಚಿತ್ರವು ಹೊರಬಂದುದು ಅದಾದ ೧೩ ವರ್ಷಗಳ ಮೇಲೆ.

ರಸವು ಕಥೆಯಲ್ಲಿರುವುದಲ್ಲದೆ ಕಾಯಿದೆಯಲ್ಲಿರುವುದಿಲ್ಲ, ಇಂತಹ ವ್ಯತ್ಯಾಸವನ್ನು ಸಹೃದಯನು ಗಣಿಸಬಾರದು, ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಮೂಲಚಿತ್ರದ ರಸವು ಎಲ್ಲಿಂದ ಹುಟ್ಟುವುದೆಂಬುದನ್ನು ಗಮನಿಸಿದರೆ ಆಕ್ಷೇಪವು ನಿಲ್ಲದು. ಅಂಗಡಿಯಲ್ಲಿಯೋ ಕಛೇರಿಯಲ್ಲಿಯೋ ಇದ್ದ ಸಾಮಾನ್ಯ ಪ್ರಜೆಯನ್ನು ರಾಜ್ಯವು ಕರೆತಂದು, ಇನ್ನೊಬ್ಬನ ಪ್ರಾಣವನ್ನು ಅವನ ಕೈಯಲ್ಲಿರಿಸುವುದು; ನಾಳೆ ಆ ಪೀಠದಲ್ಲಿ ತಾನೇ ಕುಳಿತಿರಬಹುದೆಂಬ ಭಯವು ಅಮೇರಿಕದ ಪ್ರೇಕ್ಷಕನ ಹೃದಯದಲ್ಲಿ ಮೊದಲೇ ಇರುವುದು. ಈ ಭಾವವು ಭಾರತದ ಪ್ರೇಕ್ಷಕನಿಗೆ ಲಭ್ಯವಲ್ಲ. ಅವನು ಆ ಕೊಠಡಿಯನ್ನು ಹೊರಗಿನಿಂದ ನೋಡುವನು, ವಾದಚಾತುರ್ಯವನ್ನು ಮೆಚ್ಚುವನು, ಭಾರವನ್ನು ಹೊರುವುದಿಲ್ಲ. ಇದೇ ವಾದವು ಒಂದು ಹಳ್ಳಿಯ ಪಂಚಾಯಿತಿಯ ಕಟ್ಟೆಯ ಮೇಲೆ, ಜಾತಿಯಿಂದ ಒಬ್ಬನನ್ನು ಹೊರಗಿಡಬೇಕೆ ಬೇಡವೆ ಎಂಬ ವಿಷಯದಲ್ಲಿ, ಒಬ್ಬನೇ ಹಿರಿಯನು ಬೇಡವೆಂದುದರಿಂದ ನಡೆದಿದ್ದರೆ ಅದು ಪ್ರತಿಬಿಂಬವಾಗಿರುತ್ತಿರಲಿಲ್ಲ. ೨೦೧೨ರಲ್ಲಿ ಇದೇ ಕಥೆಯು ‘ದಶಮುಖ’ವೆಂದು ಕನ್ನಡದಲ್ಲಿಯೂ ಬಂದಿತು. ಅಲ್ಲಿ ಹನ್ನೆರಡು ಮಂದಿ ಹತ್ತು ಮಂದಿಯಾದರು. ಆದರೆ ಸಂಖ್ಯೆಯನ್ನು ಬದಲಾಯಿಸಿದ ಮಾತ್ರಕ್ಕೆ ಸ್ಥಾನದ ಪ್ರಶ್ನೆಯು ಪರಿಹಾರವಾಗುವುದಿಲ್ಲ. ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವಿತವೆಂದು ಸಾಧಿಸಿ, ದೇಶೌಚಿತ್ಯ ಕಾಲೌಚಿತ್ಯಗಳನ್ನು ಬೇರೆಬೇರೆಯಾಗಿ ಎಣಿಸಿದುದು ನಿಷ್ಪ್ರಯೋಜಕವಲ್ಲ.

ಪ್ರತಿಬಿಂಬದಲ್ಲಿ ಕಥೆಯೆಲ್ಲವೂ ಬಂದು ಭಾವವು ಬರಲಿಲ್ಲ. ಅಲಂಕಾರಗಳು ಮಾತ್ರ ಬಂದು ಶರೀರವೇ ಬಾರದಿರುವುದೂ ಉಂಟು. ಕ್ರಿಸ್ಟೊಫರ್ ನೋಲನ್ನರ ‘ಮೆಮೆಂಟೊ’ (೨೦೦೦) ಚಿತ್ರದಲ್ಲಿ ಹೊಸ ಸಂಗತಿಗಳನ್ನು ನೆನಪಿನಲ್ಲಿಡಲಾರದ ಒಬ್ಬನು ಹೆಂಡತಿಯ ಕೊಲೆಗಾರನನ್ನು ಹುಡುಕುವನು. ಬಣ್ಣದ ದೃಶ್ಯಗಳು ಹಿಂದುಮುಂದಾಗಿಯೂ, ಕಪ್ಪುಬಿಳುಪಿನವು ನೇರವಾಗಿಯೂ ಜೋಡಿಸಲ್ಪಟ್ಟಿವೆ. ಇದು ಚಮತ್ಕಾರಕ್ಕಾಗಿ ಮಾಡಿದುದಲ್ಲ. ಈ ಕ್ರಮದಿಂದಲೇ ಪ್ರೇಕ್ಷಕನೂ ನಾಯಕನಷ್ಟೇ ಅಜ್ಞನಾಗಿ, ಆ ಪ್ರತೀಕಾರವೇ ಆತ್ಮವಂಚನೆಯಿರಬಹುದೆಂಬ ಶಂಕೆಗೆ ಕಡೆಯಲ್ಲಿ ಒಳಗಾಗುವನು. ಎ. ಆರ್. ಮುರುಗದಾಸರು ೨೦೦೫ರಲ್ಲಿ ತಮಿಳಿನಲ್ಲಿಯೂ ೨೦೦೮ರಲ್ಲಿ ಹಿಂದಿಯಲ್ಲಿಯೂ ನಿರ್ದೇಶಿಸಿದ ‘ಘಜಿನಿ’ಯು ಆ ರೋಗವನ್ನೂ, ಮೈಮೇಲಣ ಹಚ್ಚೆಗಳನ್ನೂ, ಭಾವಚಿತ್ರಗಳನ್ನೂ ತೆಗೆದುಕೊಂಡು, ವಿಪರೀತಕ್ರಮವನ್ನೂ ಶಂಕೆಯನ್ನೂ ಬಿಟ್ಟಿತು. ಇಲ್ಲಿ ಶತ್ರುವು ನಿಶ್ಚಿತನಾದವನು, ಪ್ರತೀಕಾರವೂ ನ್ಯಾಯವಾದುದು. ಪೂರ್ವಕಥೆಯಾಗಿ ಬರುವ ಶೃಂಗಾರವೂ ಅದರ ಕರುಣಪರಿಣಾಮವೂ ಪ್ರೇಕ್ಷಕರನ್ನು ನಿಜವಾಗಿಯೇ ಕರಗಿಸಿದುವೆಂಬುದನ್ನು ಒಪ್ಪಬೇಕು. ಆದರೆ ಆ ಕರುಣಕ್ಕೆ ನಾಯಕನ ವಿಸ್ಮೃತಿಯು ಅಗತ್ಯವೇ ಆಗಿರಲಿಲ್ಲ. ಚಿತ್ರದ ಜೀವವು ಒಂದೆಡೆ, ಪರರಿಂದ ತಂದ ಆಭರಣವು ಇನ್ನೊಂದೆಡೆ ಇರುವುದು.

ಆಲೇಖ್ಯಪ್ರಖ್ಯಕ್ಕೆ ೨೦೨೨ರ ‘ಲಾಲ್ ಸಿಂಗ್ ಚಡ್ಢಾ’ವು ಉದಾಹರಣೆ. ಇದು ೧೯೯೪ರ ‘ಫಾರೆಸ್ಟ್ ಗಂಪ್’ ಚಿತ್ರದ ಅನುಮತಿ ಪಡೆದ ರೂಪಾಂತರ; ಇಲ್ಲಿ ಚೌರ್ಯದ ಮಾತಿಗೆ ಆಸ್ಪದವಿಲ್ಲ. ಅಮೇರಿಕದ ಇತಿಹಾಸದ ಸ್ಥಾನದಲ್ಲಿ ಭಾರತದ ಇತಿಹಾಸವನ್ನೂ, ವಿಯೆಟ್ನಾಮಿನ ಸ್ಥಾನದಲ್ಲಿ ೧೯೯೯ರ ಕಾರ್ಗಿಲ್ ಯುದ್ಧವನ್ನೂ ಶ್ರದ್ಧೆಯಿಂದ ಇರಿಸಿರುವರು. ಯುದ್ಧದಲ್ಲಿ ನಾಯಕನು ಅರಿಯದೆ ಶತ್ರುಸೈನಿಕನನ್ನೇ ಹೊತ್ತು ತಂದು ಬದುಕಿಸುವುದು ಮೂಲದಲ್ಲಿಲ್ಲದ ಕಲ್ಪನೆ; ಅಲ್ಲಿ ಚಿತ್ರಕ್ಕೆ ಸ್ವಂತದ ಉಸಿರು ಬಂದಿದೆ. ಆದರೆ ಉಳಿದೆಡೆ ರೇಖೆಯು ಮೂಲದ್ದೇ, ಬಣ್ಣವು ಮಾತ್ರ ಬೇರೆ. ಫಾರೆಸ್ಟನು ತನ್ನ ದೇಶದ ಇತಿಹಾಸದ ನಡುವೆ ಅದರ ಅರ್ಥವನ್ನರಿಯದೆ, ಅದರಿಂದ ಕಲಂಕಿತನಾಗದೆ ಸಾಗಿಹೋಗುವನು; ಅವನ ಮುಗ್ಧತೆಯ ಸ್ವಾರಸ್ಯವು ಅದರಲ್ಲಿಯೇ ಇರುವುದು. ಲಾಲ್ ಸಿಂಗನಾದರೋ ಸಿಖ್ಖರ ಮಗನು. ೧೯೮೪ರ ದೆಹಲಿಯ ಹತ್ಯಾಕಾಂಡದ ನಡುವೆ ಅವನ ಪ್ರಾಣವನ್ನುಳಿಸಲು ತಾಯಿಯೇ ಅವನ ಕೇಶವನ್ನು ಕತ್ತರಿಸುವಳು. ಈ ದೃಶ್ಯವು ಹೃದಯವಿದಾರಕವಾದುದು. ಇಂತಹ ಗಾಯವನ್ನು ಪಡೆದ ಬಾಲಕನು ಇತಿಹಾಸದಿಂದ ಅಸ್ಪೃಷ್ಟನಾಗಿ ನಗುತ್ತ ಮುಂದೆ ಸಾಗಲಾರನು. ಆದರೆ ಮೂಲದ ರೇಖೆಯು ಅವನನ್ನು ಸಾಗೆಂದು ತಳ್ಳುವುದು. ನೆಲವು ಒಂದು ಭಾವವನ್ನು ಬೇಡುವಾಗ ಚೌಕಟ್ಟು ಮತ್ತೊಂದನ್ನು ವಿಧಿಸಿದುದೇ ಈ ಚಿತ್ರದ ದೌರ್ಬಲ್ಯ. ಅನುಮತಿಯು ಋಣವನ್ನು ತೀರಿಸಬಲ್ಲದು, ಆತ್ಮವನ್ನು ಕೊಡಲಾರದು.

ತುಲ್ಯದೇಹಿತುಲ್ಯಕ್ಕೆ ಮಣಿರತ್ನಂ ನಿರ್ದೇಶಿಸಿದ ತಮಿಳಿನ ‘ನಾಯಗನ್’ (೧೯೮೭) ಚಿತ್ರವನ್ನು ಹೆಸರಿಸಬಹುದು. ಕೊಪ್ಪೊಲಾ ನಿರ್ದೇಶಿಸಿದ ‘ದಿ ಗಾಡ್‌ಫಾದರ್’ (೧೯೭೨) ಚಿತ್ರದೊಡನೆ ಇದರ ಅಂಗಸಾಮ್ಯವು ಸ್ಪಷ್ಟವಾಗಿದೆ. ಆದರೆ ಮೂಲವು ಒಂದು ಕುಲದ ಅಧಿಕಾರವು ತಂದೆಯಿಂದ ಮಗನಿಗೆ ಇಳಿಯುವ ಕಥೆ. ‘ನಾಯಗನ್’ ಚಿತ್ರದ ವೇಲುವಿಗೆ ತಂದೆಯೇ ಇಲ್ಲ. ಕಾರ್ಮಿಕರ ಮುಖಂಡನಾಗಿದ್ದ ಅವನ ತಂದೆಯನ್ನು ಪೊಲೀಸರು ಕೊಂದಿರುವರು. ಮುಂಬಯಿಯ ಧಾರಾವಿಯಲ್ಲಿ, ಭಾಷೆಯರಿಯದ ಊರಿನಲ್ಲಿ, ಸರಕಾರವು ತಮ್ಮದೆಂದು ಭಾವಿಸಲಾರದ ವಲಸೆಗಾರರು ಇವನ ಬಳಿಗೆ ಬರುವರು. ಮುಂಬಯಿಯ ವರದರಾಜ ಮುದಲಿಯಾರರ ಜೀವನವು ಇದಕ್ಕೆ ಆಧಾರವಾಗಿತ್ತು. ವೃದ್ಧನಾದ ನಾಯಕನನ್ನು ಮೊಮ್ಮಗನು ಒಳ್ಳೆಯವನೋ ಕೆಟ್ಟವನೋ ಎಂದು ಕೇಳಿದಾಗ ಅವನಿಗೆ ಉತ್ತರವು ತಿಳಿಯದು. ಈ ಪ್ರಶ್ನೆಯು ಧಾರಾವಿಯಲ್ಲಿಯೇ ಹುಟ್ಟಿದುದು.

ರಮೇಶ್ ಸಿಪ್ಪಿಯವರ ‘ಶೋಲೆ’ಯು (೧೯೭೫) ಪರಪುರಪ್ರವೇಶಕ್ಕೆ ಸಮೀಪವಾದುದು. ದರೋಡೆಗಾರರಿಂದ ಹಳ್ಳಿಯನ್ನು ರಕ್ಷಿಸಲು ಪರಾಕ್ರಮಿಗಳನ್ನು ಕರೆತರುವ ಬೀಜವು ಕುರೊಸಾವಾ ನಿರ್ದೇಶಿಸಿದ ಜಪಾನಿನ ‘ಸೆವೆನ್ ಸಮುರಾಯ್’ (೧೯೫೪) ಚಿತ್ರದಿಂದ ಅಮೇರಿಕದ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ (೧೯೬೦) ಚಿತ್ರಕ್ಕೂ ಅಲ್ಲಿಂದ ಭಾರತಕ್ಕೂ ಹರಿದು ಬಂದಿತು. ಅಮೇರಿಕವು ದಾತೃ, ಭಾರತವು ಚೋರ ಎಂಬ ಸುಲಭವಾದ ವಿಭಾಗವು ಇದರಿಂದಲೇ ಬಿದ್ದುಹೋಗುತ್ತದೆ. ೨೦೦೬ರ ‘ದಿ ಡಿಪಾರ್ಟೆಡ್’ ಚಿತ್ರವೂ ಹಾಂಗ್‌ಕಾಂಗಿನ ‘ಇನ್‌ಫರ್ನಲ್ ಅಫೇರ್ಸ್’ (೨೦೦೨) ಚಿತ್ರದ ರೂಪಾಂತರವೇ. ಮೊದಲಿನ ಎರಡು ಚಿತ್ರಗಳಲ್ಲಿ ಹಳ್ಳಿಗರೇ ಯೋಧರನ್ನು ಗೊತ್ತುಮಾಡುವರು. ‘ಶೋಲೆ’ಯಲ್ಲಿ ಆ ಕಾರ್ಯವನ್ನು ಮಾಡುವವನು ಕುಟುಂಬವನ್ನೂ ಎರಡು ತೋಳುಗಳನ್ನೂ ಕಳೆದುಕೊಂಡ ಮಾಜಿ ಪೊಲೀಸ್ ಅಧಿಕಾರಿ. ಕಾಯಿದೆಯ ಕೈಗಳೇ ಕತ್ತರಿಸಿಹೋದ ಮೇಲೆ ನ್ಯಾಯವು ಯಾರ ಕೈಯಲ್ಲಿರಬೇಕೆಂಬುದು ಅಲ್ಲಿಯ ಪ್ರಶ್ನೆ. ತುರ್ತುಪರಿಸ್ಥಿತಿಯ ಕಾಲದ ಸೆನ್ಸಾರ್ ಮಂಡಲಿಯು, ಠಾಕೂರನು ಗಬ್ಬರ್ ಸಿಂಗನನ್ನು ಕೊಲ್ಲುವ ಅಂತ್ಯವನ್ನು ಒಪ್ಪದೆ ಅವನನ್ನು ಪೊಲೀಸರ ವಶಕ್ಕೆ ಕೊಡಿಸಿದುದೇ ಆ ಪ್ರಶ್ನೆಯು ಜೀವಂತವಾಗಿತ್ತೆಂಬುದಕ್ಕೆ ಸಾಕ್ಷಿ. ನಮ್ಮ ರಾಮನಗರದ ಬಂಡೆಗಳ ನಡುವೆ ನಿರ್ಮಿತವಾದ ಆ ಊರು ಅಮೇರಿಕದ ಪಡುವಣ ಪ್ರಾಂತದ ಚಿತ್ರಗಳನ್ನು ನೆನಪಿಗೆ ತಂದರೂ ಅದರ ಅನ್ನವೂ ನೀರೂ ಇಲ್ಲಿಯವು.

ಚೌರ್ಯದ ಪ್ರಶ್ನೆಯನ್ನು ನ್ಯಾಯಾಲಯಗಳೂ ವಿಚಾರಿಸಿರುವುವು. ಒಂದು ನಾಟಕಕ್ಕೂ ಒಂದು ಹಿಂದೀ ಚಿತ್ರಕ್ಕೂ ಸಂಬಂಧಪಟ್ಟ ಆರ್. ಜಿ. ಆನಂದರ ವ್ಯವಹಾರದಲ್ಲಿ ಸುಪ್ರೀಂ ಕೋರ್ಟು ೧೯೭೮ರಲ್ಲಿ, ಭಾವನೆಯ ಮೇಲೆ ಯಾರಿಗೂ ಸ್ವಾಮ್ಯವಿಲ್ಲವೆಂದೂ, ಅಭಿವ್ಯಕ್ತಿಯ ಮೇಲೆ ಮಾತ್ರ ಉಂಟೆಂದೂ, ಎರಡನ್ನೂ ನೋಡಿದವನಿಗೆ ಒಂದು ಇನ್ನೊಂದರ ಅನುಕೃತಿಯೆಂಬ ಪ್ರತೀತಿ ಹುಟ್ಟುವುದೇ ಪರೀಕ್ಷೆಯೆಂದೂ ನಿರ್ಣಯಿಸಿತು. ಈ ನಿರ್ಣಯವು ಆಲಂಕಾರಿಕರ ವಿಭಾಗಕ್ಕೆ ಎಷ್ಟು ಸಮೀಪವೆಂಬುದನ್ನು ವಿದ್ವಾಂಸರು ಗಮನಿಸಬಹುದು. ಆದರೂ ಎರಡು ಶಾಸ್ತ್ರಗಳ ವಿಷಯವು ಒಂದೇ ಅಲ್ಲ. ಸ್ವಾಮ್ಯವನ್ನು ಕಾಯುವುದು ವ್ಯವಹಾರಶಾಸ್ತ್ರದ ಕೆಲಸ. ಕೃತಿಗೆ ಜೀವವುಂಟೆ ಎಂದು ನೋಡುವುದು ವಿಮರ್ಶೆಯ ಕೆಲಸ. ಮೂಲವನ್ನು ಮರೆಮಾಡುವವನನ್ನು ರಾಜಶೇಖರನು ಆಚ್ಛಾದಕನೆಂದು ಕರೆದಿರುವನು. ಆ ದೋಷವನ್ನು ವಿಮರ್ಶಕನು ಹೇಳಲೇಬೇಕು. ಹೇಳಿದ ಮಾತ್ರದಿಂದ ಅವನ ಕರ್ತವ್ಯವು ಮುಗಿಯುವುದಿಲ್ಲ.

ಬಿ. ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ ನಾಟಕವನ್ನು ಬೋಧಿಸುವವರಿಗೆ ಈ ವಿಚಾರವು ಅನುಭವಸಿದ್ಧವಾದುದು. ಸೊಫೋಕ್ಲಿಸನ ‘ಅಯಾಸ್’ ನಾಟಕವು ಅಲ್ಲಿ ಭಾರತಕಥೆಯೊಳಗೆ ಹೊಕ್ಕಿದೆ. ಗ್ರೀಕ್ ಚೌಕಟ್ಟು ನಾಯಕನ ಮರಣವನ್ನು ಬೇಡುವುದು. ಅಶ್ವತ್ಥಾಮನು ಚಿರಂಜೀವಿಯೆಂದು ನಮ್ಮ ಪರಂಪರೆಯು ಹೇಳುವುದು. ಕವಿಯು ಆ ವಿರೋಧವನ್ನು ಅರಿತೇ ಎದುರಿಸಿದುದರಿಂದ ಆ ನಾಟಕವು ಇಂದಿಗೂ ಚರ್ಚೆಗೆ ಪಾತ್ರವಾಗಿದೆ. ಚಲಚ್ಚಿತ್ರಗಳಲ್ಲಿಯೂ ಹುಡುಕಬೇಕಾದುದು ಇಂತಹ ವಿರೋಧದ ಸ್ಥಾನವನ್ನು. ಪರದೇಶದ ಕಥೆಯು ಈ ನೆಲಕ್ಕೆ ಹೊಂದದ ಎಡೆಯಲ್ಲಿ ಕರ್ತೃವು ಕಥೆಯನ್ನು ಬದಲಾಯಿಸಿದನೋ, ನೆಲವನ್ನೇ ಮರೆತನೋ ಎಂಬುದನ್ನು. ನೆಲವನ್ನು ಮರೆತ ಚಿತ್ರಗಳನ್ನು ನೋಡಿ ಬೆಳೆದ ಪ್ರೇಕ್ಷಕನು ಅಮೇರಿಕದ ನ್ಯಾಯಾಲಯವನ್ನು ಚೆನ್ನಾಗಿ ಬಲ್ಲನು. ತನ್ನ ತಾಲ್ಲೂಕಿನ ನ್ಯಾಯಾಲಯವನ್ನು ತೆರೆಯ ಮೇಲೆ ಒಮ್ಮೆಯೂ ಕಂಡಿರುವುದಿಲ್ಲ. ಅನುಕರಣದಿಂದ ಆಗುವ ಮುಖ್ಯವಾದ ಹಾನಿಯು ಇದೇ. ಈ ಹಾನಿಯು ಮೂಲಕರ್ತೃಗಳಿಗೆ ಆದುದಲ್ಲವಾದುದರಿಂದ ಯಾವ ಪರಿಹಾರಧನದಿಂದಲೂ ತೀರತಕ್ಕದ್ದಲ್ಲ.