ಗೋಡೆ ಮೇಲಿನ ದುಂಡಕ್ಷರ

ರಾಣೆಬೆನ್ನೂರಿನಿಂದ ತುಂಗಭದ್ರೆ ದಂಡೆಯ ಐರಣಿಗೆ ಹೋಗಿ, ಇಲ್ಲವೇ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯತ್ತ ಹೊರಳಿ. ರಸ್ತೆಗೆ ಮುಖ ಮಾಡಿದ ಗೋಡೆಗಳನ್ನು ಓದುತ್ತಲೇ ಸಾಗಬಹುದು. ಬಿತ್ತನೆ ಬೀಜ, ಗೊಬ್ಬರ, ಸಿಮೆಂಟು, ಎಲ್ಲದರ ಜಾಹೀರಾತಿಗೂ ಗೋಡೆಯೇ ಗತಿ.

ಬರೆಯುವವರ ಕೈಚಳಕ ನಿಂತು ನೋಡುವಂಥದ್ದು. ಮೊದಲು ಬಣ್ಣ ಬಳಿದು ಹಿನ್ನೆಲೆ ಒಣಗಿಸುತ್ತಾರೆ. ಪುಡಿ ಸವರಿದ ದಾರವನ್ನು ಎರಡೂ ತುದಿಯಲ್ಲಿ ಬಿಗಿಹಿಡಿದು ಮಿಡಿದರೆ ನೆಟ್ಟನೆಯ ಗೆರೆ. ಕನ್ನಡಕ್ಕೆ ಸಾಲಿನ ಕೆಳಗೂ ಜಾಗ ಬಿಡಬೇಕು: ‘ರಾಣೆಬೆನ್ನೂರು’ ಬರೆಯುವಾಗ ನಕಾರದ ಒತ್ತು ಕೆಳಗಿಳಿಯುತ್ತದೆ, ದೀರ್ಘ ಬಲಕ್ಕೆ ಚಾಚುತ್ತದೆ. ಚಪ್ಪಟೆ ಬ್ರಷ್ಷು ‘ರ’ದ ದುಂಡನ್ನು ಒಂದೇ ಬೀಸಿನಲ್ಲಿ ಮುಗಿಸುತ್ತದೆ. ಬದಿಗೊಂದು ಕರಿ ನೆರಳು ಕೊಟ್ಟರೆ ಅಕ್ಷರ ಗೋಡೆಯಿಂದ ಎದ್ದು ಬರುತ್ತದೆ.

ಗೋಡೆಗೆ ಬಣ್ಣ ಹಚ್ಚುವವರು ಬೇರೆಡೆಯೂ ಇದ್ದಾರೆ. ಇಂಗ್ಲೆಂಡಿನ ಬ್ರಿಸ್ಟಲ್ಲಿನಲ್ಲಿ ಹೆಸರಾದ ಬೀದಿ ಕಲಾವಿದ ಬ್ಯಾಂಕ್ಸಿ, ಕತ್ತರಿಸಿದ ಅಚ್ಚಿನ ಮೇಲೆ ಸ್ಪ್ರೇ ಹೊಡೆದು ಗುರುತು ಕೊಡದೆ ಮಾಯವಾಗುವವನು. ಅವನ ಗೋಡೆಗಳನ್ನು ಹುಡುಕಿಕೊಂಡು ಜನ ಬೀದಿ ಅಲೆಯುತ್ತಾರೆ. ನಮ್ಮ ಪೇಂಟರ್ ಹಾಡಹಗಲೇ ಏಣಿ ಹತ್ತಿ, ಮನೆಯವರ ಚಹಾ ಕುಡಿದು, ಮೂಲೆಯಲ್ಲಿ ‘ಆರ್ಟ್ಸ್’ ಎಂದು ಸಹಿ ಹಾಕಿ ಮೊಬೈಲ್ ನಂಬರನ್ನೂ ಬರೆದು ಹೋಗುತ್ತಾನೆ!

ಕರ್ನಾಟಕದ ಬೀದಿಗೂ ಕೀಟಲೆ ಗೊತ್ತು. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ರಸ್ತೆಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿ ಕೂರಿಸಿದರು. ಸುದ್ದಿಯಾದದ್ದೇ ತಡ, ಗುಂಡಿ ಮುಚ್ಚಿತು.

ಫ್ಲೆಕ್ಸ್ ಬಂದು ಪೇಂಟರುಗಳ ಹೊಟ್ಟೆ ಮೇಲೆ ಹೊಡೆಯಿತು ನಿಜ. ಆದರೆ ಅದು ಗಾಳಿಗೆ ಹರಿದು ಜೋತಾಡುವಾಗಲೂ ಎನಾಮೆಲ್ ಅಕ್ಷರ ಮಳೆಗಾಲ ದಾಟಿ ನಿಂತಿರುತ್ತದೆ. ಅಂಗಡಿ ತೆರೆಯುವವರು ಆ ಮೂಲೆಯ ನಂಬರಿಗೊಮ್ಮೆ ಫೋನ್ ಮಾಡಲಿ.